ಇಂಡಿಯಾ ಹೌಸಿನ ಗುಮಾಸ್ತ ಜಾನ್ ಸ್ಟುವರ್ಟ್ ಮಿಲ್

ಲೆಡ್ಜರು ವೋಚರುಗಳ ನಡುವೆ ದಿನ ಕಳೆಯುವ ನಮ್ಮಂಥವರಿಗೆ ಮಿಲ್ಲನ ಚರಿತ್ರೆಯಲ್ಲಿ ವಿಶೇಷ ಅಭಿಮಾನವುಂಟು. ವ್ಯಕ್ತಿಸ್ವಾತಂತ್ರ್ಯದ ಈ ಮಹಾ ಪ್ರತಿಪಾದಕನು 1823ರಿಂದ 1858ರವರೆಗೆ ಲಂಡನ್ನಿನ ಈಸ್ಟ್ ಇಂಡಿಯಾ ಕಂಪನಿಯ ಕಚೇರಿಯಲ್ಲಿ ಕಾಗದಪತ್ರ ಬರೆದು ಸಂಬಳ ತಂದವನು.

ಆತ ಹುಟ್ಟಿದ್ದು 1806ರಲ್ಲಿ. ತಂದೆ ಜೇಮ್ಸ್ ಮಿಲ್ಲನೇ ಗುರು. ಮೂರನೆಯ ವಯಸ್ಸಿಗೆ ಗ್ರೀಕ್, ಎಂಟಕ್ಕೆ ಲ್ಯಾಟಿನ್, ಹದಿಮೂರಕ್ಕೆ ಅರ್ಥಶಾಸ್ತ್ರ. ಓರಗೆಯ ಹುಡುಗರ ಸಹವಾಸ ಮಾತ್ರ ಇಲ್ಲ. ತಂದೆಯ ಮಿತ್ರ ಬೆಂಥಮ್ಮನು ಅತ್ಯಧಿಕ ಜನರ ಅತ್ಯಧಿಕ ಸುಖವೇ ಶಾಸನದ ಗುರಿಯೆಂದು ಬೋಧಿಸಿದ್ದನು. ಹುಡುಗನಿಗೆ ಅದೇ ವೇದವಾಯಿತು.

1826ರಲ್ಲಿ, ಇಪ್ಪತ್ತರ ಹರೆಯದಲ್ಲಿ, ಆ ವೇದ ಕೈಕೊಟ್ಟಿತು. ತಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣವೇ ಕೈಗೂಡಿದರೆ ತನಗೆ ಸುಖವಾದೀತೇ ಎಂದು ತನ್ನನ್ನೇ ಕೇಳಿಕೊಂಡನು. ಇಲ್ಲವೆಂದು ಮನಸ್ಸು ನುಡಿಯಿತು. ತಿಂಗಳುಗಟ್ಟಲೆ ಅವನಿಗೆ ಯಾವುದೂ ರುಚಿಸಲಿಲ್ಲ. ಆದರೂ ಕಚೇರಿಗೆ ಹೋಗುತ್ತಲೇ ಇದ್ದನಂತೆ. ಈ ಕಷ್ಟವನ್ನು ಗುಮಾಸ್ತರಾದ ನಾವು ಬಲ್ಲೆವು. 1828ರಲ್ಲಿ ವರ್ಡ್ಸ್‌ವರ್ತ್ ಕವಿಯ ಪದ್ಯಗಳನ್ನು ಓದಿದಾಗ ಒಣಗಿದ ಎದೆಗೆ ನೀರೆರೆದಂತಾಯಿತು. ಸುಖವನ್ನು ಕೂಡಿ ಕಳೆದು ಲೆಕ್ಕ ಹಾಕುವುದಷ್ಟೇ ಬಾಳಲ್ಲ, ಭಾವವನ್ನೂ ಬೆಳೆಸಬೇಕೆಂದು ಅವನಿಗೆ ತೋರಿತು.

ಅಲ್ಲಿಂದಾಚೆಗೆ ವಿರೋಧ ಪಕ್ಷದವರಿಂದಲೂ ಸಾಲ ತರಲು ಅವನು ಹಿಂಜರಿಯಲಿಲ್ಲ. ಸಂಪ್ರದಾಯವಾದಿ ಕೋಲ್‌ರಿಜ್ಜನ ಮೇಲೆ 1840ರಲ್ಲಿ ಆದರದ ಪ್ರಬಂಧ ಬರೆದನು. ಪ್ರಜಾಪ್ರಭುತ್ವದಲ್ಲಿ ಬಹುಮತವೇ ದಬ್ಬಾಳಿಕೆಯಾದೀತೆಂಬ ಎಚ್ಚರವನ್ನು ಫ್ರಾನ್ಸಿನ ಟೋಕ್ವಿಲ್ ಕೊಟ್ಟನು. ಪ್ರತಿಯೊಬ್ಬನೂ ತನ್ನದೇ ರೀತಿಯಲ್ಲಿ ಅರಳಬೇಕೆಂಬ ಮಾತನ್ನು ಜರ್ಮನಿಯ ಹುಂಬೋಲ್ಟ್ ಕೊಟ್ಟನು. ಇವರೆಲ್ಲರಿಗಿಂತ ದೊಡ್ಡ ಋಣ ಹ್ಯಾರಿಯೆಟ್ ಟೇಲರಳದೆಂದು ಅವನೇ ಸಾರಿದನು. 1830ರಲ್ಲಿ ಪರಿಚಯವಾದಾಗ ಆಕೆ ಪರಪತ್ನಿ. ಆಕೆ ವಿಧವೆಯಾದ ಮೇಲೆ, 1851ರಲ್ಲಿ, ಇಬ್ಬರೂ ಮದುವೆಯಾದರು. ಅವನು ಹೊಗಳಿದ್ದು ಅತಿಯಾಯಿತೆನ್ನುವ ಪಂಡಿತರಿದ್ದಾರೆ. ಕೊಟ್ಟವರ ಹೆಸರನ್ನು ಮುಚ್ಚಿಡುವವರಿಗಿಂತ ಇವನೇ ಮೇಲೆಂದು ನಮ್ಮ ಎಣಿಕೆ.

ಆದರೆ ಒಂದು ಸಾಲವನ್ನು ಅವನು ಪರೀಕ್ಷಿಸಲೇ ಇಲ್ಲ. ತಂದೆ ಬರೆದ ಬ್ರಿಟಿಷ್ ಇಂಡಿಯಾದ ಚರಿತ್ರೆಯ ಕರಡು ತಿದ್ದುವಾಗ ಬಾಲಕನೇ ಹಸ್ತಪ್ರತಿ ಓದಿ ನೆರವಾಗಿದ್ದನು. ಆ ತಂದೆಯೋ ಭಾರತವನ್ನು ಕಂಡವನಲ್ಲ, ನಮ್ಮ ಒಂದು ನುಡಿಯನ್ನೂ ಕಲಿತವನಲ್ಲ. ನಮ್ಮ ನಾಗರಿಕತೆ ಕೀಳೆಂದು ಮಾತ್ರ ತೀರ್ಪಿತ್ತನು. ಮಗನೂ ಭಾರತಕ್ಕೆ ಬರಲಿಲ್ಲ. 1859ರ ತನ್ನ ‘ಸ್ವಾತಂತ್ರ್ಯ’ ಗ್ರಂಥದಲ್ಲಿ, ಹಿಂದುಳಿದ ಜನಾಂಗಗಳಿಗೆ ಈ ತತ್ತ್ವ ಅನ್ವಯಿಸದೆಂದು, ಅವರಿಗೆ ಹಿತಕರ ನಿರಂಕುಶ ಆಳ್ವಿಕೆಯೇ ತಕ್ಕುದೆಂದು ಬರೆದನು. ಎಲ್ಲ ಅಭಿಪ್ರಾಯಕ್ಕೂ ಎದುರುಮಾತು ಕೇಳಬೇಕೆಂದವನು ನಮ್ಮ ಮಾತನ್ನು ಕೇಳಲಿಲ್ಲ. ಮುಂದೆ ದಾದಾಭಾಯಿ ನವರೋಜಿಯವರಂಥವರು ಆಂಗ್ಲರ ಆಡಳಿತವನ್ನು ಖಂಡಿಸುವಾಗ ಮಿಲ್ಲನ ಬರಹವನ್ನೇ ಆಧಾರವಾಗಿ ಎತ್ತಿ ತೋರಿಸಿದರು.

ಆ ಗ್ರಂಥ ಅಚ್ಚಾಗುವಷ್ಟರಲ್ಲಿ ಹ್ಯಾರಿಯೆಟ್ ಇರಲಿಲ್ಲ. 1858ರಲ್ಲಿ ಫ್ರಾನ್ಸಿನ ಅವಿನ್ಯೋನಿನಲ್ಲಿ ತೀರಿಕೊಂಡಿದ್ದಳು. ಗ್ರಂಥವನ್ನು ಆಕೆಯ ನೆನಪಿಗೆ ಅರ್ಪಿಸಿ, ಸಮಾಧಿಯ ಹತ್ತಿರ ಮನೆ ಕೊಂಡನು. ಪಾರ್ಲಿಮೆಂಟಿನ ಸದಸ್ಯನಾಗಿ 1867ರಲ್ಲಿ ಸ್ತ್ರೀಯರಿಗೆ ಮತಾಧಿಕಾರ ಕೇಳಿ ಸೋತನು. 1873ರಲ್ಲಿ ಅವಿನ್ಯೋನಿನಲ್ಲೇ ಕಣ್ಣುಮುಚ್ಚಿದನು. ಆಕೆಯ ಸಮಾಧಿಯಲ್ಲೇ ಅವನನ್ನೂ ಇರಿಸಿದರು.