ಗೋಡೆಗಳ ಮಾತನ್ನು ಅಳೆದವನು

ಕನ್ನಡ ಪಾಠ ಹೇಳುವವನಿಗೆ ಭೌತವಿಜ್ಞಾನಿಯೊಬ್ಬನ ಚರಿತ್ರೆಯೇಕೆ ಎಂದು ವಾಚಕರು ಕೇಳಬಹುದು. ಮಾತನ್ನೇ ನೆಚ್ಚಿ ಬದುಕುವ ವೃತ್ತಿ ನನ್ನದು. ಆಡಿದ ಮಾತು ಕೊನೆಯ ಬೆಂಚನ್ನು ಮುಟ್ಟದೆ, ಸುಣ್ಣದ ಗೋಡೆಗಳ ನಡುವೆಯೇ ಕಲಸಿಹೋಗುವ ಕೋಣೆಗಳಲ್ಲಿ ಪಾಠ ಹೇಳಿದ್ದೇನೆ. ಈ ಕಷ್ಟವನ್ನು ಲೆಕ್ಕಕ್ಕೆ ಹಿಡಿದು ಪರಿಹಾರ ತೋರಿಸಿದವನಾದ್ದರಿಂದ ಅಮೆರಿಕದ ವ್ಯಾಲೇಸ್ ಕ್ಲೆಮೆಂಟ್ ಸ್ಯಾಬಿನ್ ನನಗೆ ಆತ್ಮೀಯನಾಗಿದ್ದಾನೆ.

ಸ್ಯಾಬಿನ್ ಹುಟ್ಟಿದ್ದು 1868ರಲ್ಲಿ, ಒಹಾಯೊ ರಾಜ್ಯದ ರಿಚ್‌ವುಡ್ ಎಂಬ ಊರಿನಲ್ಲಿ. ಹದಿನೆಂಟನೆಯ ವಯಸ್ಸಿಗೇ ಪದವಿ ಪಡೆದು, ಹಾರ್ವರ್ಡ್ ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿಯೇ ಭೌತಶಾಸ್ತ್ರದ ಅಧ್ಯಾಪಕನಾದ. 1895ರಲ್ಲಿ ಅಲ್ಲಿಯ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸ ಮಂದಿರ ಬಾಗಿಲು ತೆರೆಯಿತು. ಆದರೆ ಅಲ್ಲಿ ಆಡಿದ ಮಾತು ಯಾರಿಗೂ ತಿಳಿಯದು! ಒಮ್ಮೆ ಹೊರಟ ದನಿ ಸುಮಾರು ಐದೂವರೆ ಸೆಕೆಂಡುಗಳ ಕಾಲ ಗೋಡೆಯಿಂದ ಗೋಡೆಗೆ ಸುತ್ತುತ್ತಿತ್ತು. ಅಷ್ಟರಲ್ಲಿ ಮುಂದಿನ ಹತ್ತಾರು ಪದಗಳು ಅದರ ಮೇಲೆ ಬಿದ್ದು ಗದ್ದಲವಾಗುತ್ತಿತ್ತು. ಇದನ್ನು ಸರಿಪಡಿಸಿಕೊಡಬೇಕೆಂದು ವಿಶ್ವವಿದ್ಯಾನಿಲಯದ ಅಧ್ಯಕ್ಷ ಎಲಿಯಟ್ ಭೌತಶಾಸ್ತ್ರ ವಿಭಾಗವನ್ನು ಕೇಳಿದ. ಆ ಹೊರೆ ಕಿರಿಯನಾದ ಸ್ಯಾಬಿನ್‌ನ ಹೆಗಲಿಗೆ ಬಂತು.

ಸಭಾಮಂದಿರದಲ್ಲಿ ಮಾತು ಚೆನ್ನಾಗಿ ಕೇಳುವುದು ಬಿಡುವುದು ಆ ಕಾಲದಲ್ಲಿ ಬಹುಮಟ್ಟಿಗೆ ಅದೃಷ್ಟವನ್ನೇ ಅವಲಂಬಿಸಿತ್ತು. ಸ್ಯಾಬಿನ್ ಸಮೀಪದ ಸ್ಯಾಂಡರ್ಸ್ ನಾಟಕಶಾಲೆಯ ಆಸನದ ಮೆತ್ತೆಗಳನ್ನು ಇರುಳಿನಲ್ಲಿ ತರಿಸಿ ಮಂದಿರದಲ್ಲಿ ಹರಡುವನು. ಆರ್ಗನ್ ವಾದ್ಯದ ಒಂದು ಕೊಳವೆಯನ್ನು ನುಡಿಸಿ ನಿಲ್ಲಿಸಿ, ದನಿ ಕಿವಿಗೆ ಕೇಳದಾಗುವವರೆಗಿನ ಕಾಲವನ್ನು ಅಳೆಯುವನು. ಬೀದಿಯ ಟ್ರಾಮುಗಳ ಸದ್ದಡಗಿದ ನಡುರಾತ್ರಿಯ ಬಳಿಕವೇ ಈ ಕೆಲಸ. ಬೆಳಗಾಗುವುದರೊಳಗೆ ಮೆತ್ತೆಗಳು ಸ್ವಸ್ಥಾನವನ್ನು ಸೇರಬೇಕು. ಹೀಗೆಯೇ ವರ್ಷಗಳು ಉರುಳಿದವು.

ನನ್ನ ಮನಸ್ಸನ್ನು ಸೆರೆಹಿಡಿದದ್ದು ಈ ನಡುವಿನ ಒಂದು ಪ್ರಸಂಗ. ಅಳತೆಗಳಲ್ಲಿ ಅಲ್ಪ ವ್ಯತ್ಯಾಸ ಕಂಡು ಕಾರಣವನ್ನು ಅರಸಿದಾಗ, ಅದು ತಾನು ತೊಟ್ಟ ಉಡುಪೇ ಎಂಬುದು ತಿಳಿಯಿತು. ದಪ್ಪ ಬಟ್ಟೆ ಹೆಚ್ಚು ದನಿಯನ್ನು ಹೀರುತ್ತದೆ, ತೆಳುವಾದುದು ಕಡಿಮೆ. ಸ್ಯಾಬಿನ್ 3000ಕ್ಕೂ ಮಿಕ್ಕ ಅಳತೆಗಳನ್ನು ತೊರೆದು, ಅಂದಿನಿಂದ ಒಂದೇ ಬಗೆಯ ಉಡುಪನ್ನು ತೊಟ್ಟು, ಮತ್ತೆ ಮೊದಲಿನಿಂದ ತೊಡಗಿದ. ಹಾಗೆ ಮಾಡೆಂದು ಯಾರೂ ಕೇಳಿರಲಿಲ್ಲ. ಒಂದು ಪಾಠಾಂತರ ತಪ್ಪಿತೆಂದು ಇಡೀ ಗ್ರಂಥವನ್ನು ಮರಳಿ ಪರಿಷ್ಕರಿಸಲು ಕೂರುವ ವಿದ್ವಾಂಸರು ನಮ್ಮಲ್ಲಿ ಎಷ್ಟು ಮಂದಿ?

ದಪ್ಪನೆಯ ಫೆಲ್ಟ್ ಹೊದಿಕೆಯಿಂದ ಫಾಗ್ ಮಂದಿರ ಬಳಕೆಗೆ ಬಂತು. ಅಷ್ಟರಲ್ಲಿ ಬಾಸ್ಟನ್ ನಗರದ ಹೊಸ ಸಂಗೀತಮಂದಿರಕ್ಕೆ ಸಲಹೆ ನೀಡುವ ಕರೆಯೂ ಬಂತು. ಖಚಿತವಾದ ನಿಯಮ ಇನ್ನೂ ಕೈಗೆ ಸಿಕ್ಕಿಲ್ಲವೆಂದು ಸ್ಯಾಬಿನ್ ಹಿಂಜರಿದ. 1898ರ ಶರತ್ಕಾಲದಲ್ಲಿ ಅಂಕಿಗಳ ರಾಶಿಯೊಳಗಿಂದ ಆ ನಿಯಮ ಗೋಚರಿಸಿತು. ಕೋಣೆ ದೊಡ್ಡದಾದಷ್ಟೂ ದನಿ ಉಳಿಯುವ ಕಾಲ ಹೆಚ್ಚು. ಅದನ್ನು ಹೀರುವ ಬಟ್ಟೆ, ಮೆತ್ತೆ, ಜನ ಹೆಚ್ಚಿದಷ್ಟೂ ಕಡಿಮೆ. ಹೀರುವಿಕೆಗೆ ಆತ ಹಿಡಿದ ಮಾನ ತೆರೆದ ಕಿಟಕಿ. ಅದರಿಂದ ಹೊರಹೋದ ದನಿ ಮರಳಿ ಬಾರದಷ್ಟೆ. ಕಟ್ಟುವುದಕ್ಕೆ ಮೊದಲೇ ಮಂದಿರದ ದನಿಯನ್ನು ಕಾಗದದ ಮೇಲೆ ಎಣಿಸುವುದು ಇದರಿಂದ ಸಾಧ್ಯವಾಯಿತು. ವಾಸ್ತುಶಿಲ್ಪಿ ಮ್ಯಾಕಿಮ್‌ಗೆ ಸ್ಯಾಬಿನ್ ಸಲಹೆಗಾರನಾಗಿದ್ದ ಸಿಂಫನಿ ಹಾಲ್ 1900ರ ಅಕ್ಟೋಬರ್ 15ರಂದು ತೆರೆಯಿತು. ಮೊದಮೊದಲು ಕೆಲವು ವಿಮರ್ಶಕರು ಮೂಗು ಮುರಿದರು. ಕಾಲಕ್ರಮದಲ್ಲಿ ಅದು ಲೋಕದ ಅತ್ಯುತ್ತಮ ಸಂಗೀತಮಂದಿರಗಳಲ್ಲೊಂದೆಂಬ ಮನ್ನಣೆ ಪಡೆಯಿತು.

ಮೊದಲ ಮಹಾಯುದ್ಧದ ಕಾಲದಲ್ಲಿ ದೇಹಸ್ಥಿತಿಯನ್ನು ಲೆಕ್ಕಿಸದೆ ದುಡಿದ ಸ್ಯಾಬಿನ್, 1919ರ ಜನವರಿ 10ರಂದು ತನ್ನ ಐವತ್ತನೆಯ ವಯಸ್ಸಿನಲ್ಲಿ ತೀರಿಕೊಂಡ. ಆತನ ಲೇಖನಗಳು ಗ್ರಂಥರೂಪದಲ್ಲಿ ಹೊರಬಂದದ್ದು 1922ರಲ್ಲಿ. ದನಿಯ ಹೀರುವಿಕೆಯನ್ನು ಅಳೆಯುವ ಮಾನಕ್ಕೆ ಇಂದು ಆತನದೇ ಹೆಸರು.

ನಮ್ಮ ಕಲ್ಯಾಣಮಂಟಪಗಳಲ್ಲಿ, ಸಭಾಭವನಗಳಲ್ಲಿ ಮಾತು ತಿಳಿಯದಾದಾಗ ನಾವು ಧ್ವನಿವರ್ಧಕವನ್ನು ಏರಿಸುತ್ತೇವೆ. ಬರಿಯ ಗೋಡೆಗಳು ಮಾತಿನೊಡನೆ ಗದ್ದಲವನ್ನೂ ಅಷ್ಟೇ ಏರಿಸಿ ಹಿಂತಿರುಗಿಸುತ್ತವೆ. ಎಷ್ಟು ಪರದೆ ಬೇಕು, ಛಾವಣಿಗೆ ಎಂಥ ಹೊದಿಕೆ ಬೇಕು ಎಂಬ ಲೆಕ್ಕಕ್ಕೆ ದಾರಿ 1898ರಲ್ಲಿಯೇ ತೆರೆದಿದೆ. ಕಟ್ಟಿಸುವವರು ಅತ್ತ ಒಮ್ಮೆ ಕಣ್ಣು ಹಾಯಿಸಿದರೆ, ಕೊನೆಯ ಬೆಂಚಿನ ಹುಡುಗನಿಗೂ ಪಂಪ ಕೇಳಿಸಿಯಾನು.