ಅಳಿಯ ರಾಮರಾಯನು ಮರೆತ ಲೆಕ್ಕ



ಬುದ್ಧಿಯಿಲ್ಲದವನು ತಪ್ಪು ನಿರ್ಧಾರ ಕೈಗೊಂಡರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಅನುಭವಿಯಾದವನು, ನಾಲ್ಕು ಜನಕ್ಕೆ ಬುದ್ಧಿ ಹೇಳತಕ್ಕ ಹಿರಿಯನು ಎಡವುವುದೇಕೆ ಎಂಬುದೇ ವಿಚಾರ ಮಾಡತಕ್ಕ ಸಂಗತಿ. ಬದುವಿನ ವ್ಯಾಜ್ಯ, ಅಣ್ಣತಮ್ಮಂದಿರ ಪಾಲು, ಹೆಣ್ಣು ಕೊಡುವ ತರುವ ಮಾತು ಹಿಡಿದುಕೊಂಡು ಹಿರಿಯರು ಮಠಕ್ಕೆ ಬಂದಾಗ ನಾವು ಅಳಿಯ ರಾಮರಾಯನ ಚರಿತ್ರೆಯನ್ನು ಹೇಳುವುದುಂಟು.

ರಾಮರಾಯನು ಅರವೀಡು ಮನೆತನದವನು. ತಾರುಣ್ಯದಲ್ಲಿ ಗೋಲ್ಕೊಂಡದ ಕುತುಬಶಾಹನ ಸೇವೆಯಲ್ಲಿದ್ದು, ಅಲ್ಲಿಂದ ವಿಜಯನಗರಕ್ಕೆ ಬಂದು, ಕೃಷ್ಣದೇವರಾಯನ ಮಗಳ ಕೈಹಿಡಿದು ಅಳಿಯನೆನಿಸಿದನು. 1542ರಲ್ಲಿ ಅಚ್ಯುತರಾಯನು ತೀರಿಕೊಂಡ ಮೇಲೆ ಎದ್ದ ಅರಮನೆಯ ಕಲಹವನ್ನು ಅಡಗಿಸಿ, ಸದಾಶಿವರಾಯನನ್ನು ಹೆಸರಿಗೆ ಪಟ್ಟದಲ್ಲಿ ಕೂಡಿಸಿ, ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ರಾಜ್ಯದ ಸೂತ್ರವನ್ನು ತಾನೇ ಹಿಡಿದನು. ಸಾಮಾನ್ಯನಿಗೆ ಆಗುವ ಕೆಲಸವಲ್ಲ ಅದು.

ಉತ್ತರಕ್ಕೆ ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಗಳ ಸುಲ್ತಾನರಿದ್ದರು. ಅವರಲ್ಲಿ ಒಬ್ಬರಿಗೊಬ್ಬರಿಗೆ ಆಗುತ್ತಿರಲಿಲ್ಲ. ಇಂದು ಒಬ್ಬನ ಕಡೆ, ನಾಳೆ ಮತ್ತೊಬ್ಬನ ಕಡೆ ನಿಂತು, ಪ್ರತಿ ಜಗಳದಿಂದಲೂ ಏನಾದರೊಂದು ಕೋಟೆಯನ್ನೋ ಸೀಮೆಯನ್ನೋ ಪಡೆಯುವುದು ರಾಮರಾಯನ ನೀತಿಯಾಯಿತು. ಇದನ್ನು ಮತ-ಮತಗಳ ಯುದ್ಧವೆಂದು ತಿಳಿಯುವವರು ಇದ್ದಾರೆ, ನಾವು ಒಪ್ಪುವುದಿಲ್ಲ. ರಾಮರಾಯನ ದಂಡಿನಲ್ಲಿ ಮುಸಲ್ಮಾನ ಸರದಾರರು ಬಹಳ ಇದ್ದರು. ಗೋಲ್ಕೊಂಡದ ಇಬ್ರಾಹಿಂ ಕುತುಬಶಾಹನು ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಅಂಜಿ ಓಡಿಬಂದಾಗ ಏಳು ವರ್ಷ ಅನ್ನ ಆಶ್ರಯ ಕೊಟ್ಟು ಸಲಹಿದವನೂ ರಾಮರಾಯನೇ.

ಒಂದು ಸಲ ಫಲಿಸಿದ ಉಪಾಯ ಎರಡನೆಯ ಸಲವೂ ಫಲಿಸಿತು, ಮೂರನೆಯ ಸಲವೂ ಫಲಿಸಿತು. ಆಮೇಲೆ ಅದು ಉಪಾಯವಾಗಿ ಉಳಿಯಲಿಲ್ಲ, ಚಾಳಿಯಾಯಿತು. ಫಲ ಬಂದದ್ದನ್ನು ರಾಮರಾಯನು ಎಣಿಸಿದನು. ಪ್ರತಿ ಗೆಲುವಿನ ಹಿಂದೆ ಎದುರಾಳಿಯ ಎದೆಯಲ್ಲಿ ಉಳಿದ ಕಿಚ್ಚನ್ನು ಮಾತ್ರ ಯಾವ ಲೆಕ್ಕಕ್ಕೂ ಹಿಡಿಯಲಿಲ್ಲ.

ಫೆರಿಷ್ತಾ ಎಂಬ ಪರ್ಷಿಯನ್ ಇತಿಹಾಸಕಾರನು ಮುಂದೆ ಬಿಜಾಪುರದ ಆಶ್ರಯದಲ್ಲಿ ಇದ್ದುಕೊಂಡು ಇದನ್ನೆಲ್ಲ ಬರೆದನು. ಆಶ್ರಯ ಕೊಟ್ಟವರ ಕಡೆಗೆ ಅವನ ಮನಸ್ಸು ವಾಲಿರುವುದು ಸಹಜ; ಆದರೂ ಅವನು ಹೇಳುವ ಎರಡು ಸಂಗತಿಗಳು ಮನುಷ್ಯಸ್ವಭಾವಕ್ಕೆ ಒಪ್ಪುವಂತಿವೆ. ರಾಮರಾಯನಿಗೆ ಪುತ್ರಶೋಕವಾದಾಗ ಬಿಜಾಪುರದ ಅಲಿ ಆದಿಲಶಾಹನು ಸ್ವಲ್ಪವೇ ಪರಿವಾರದೊಡನೆ ವಿಜಯನಗರಕ್ಕೆ ಬಂದು ಸಾಂತ್ವನ ಹೇಳಿದನು. ರಾಮರಾಯನ ಪತ್ನಿ ಅವನನ್ನು ಮಗನೆಂದೇ ಭಾವಿಸಿದಳು. ಆದರೆ ಹೊರಡುವ ದಿನ ರಾಮರಾಯನು ಅವನನ್ನು ಕಳುಹಿಸಲು ಊರ ಹೊರಗಿನವರೆಗೆ ಹೋಗಲಿಲ್ಲ. ದುಃಖದ ಮನೆಗೆ ಬಂದವನನ್ನು ನಾಲ್ಕು ಹೆಜ್ಜೆ ಕಳುಹಿಸಿ ಬರುವುದು ಎಷ್ಟರ ಕೆಲಸ? ಆ ನಾಲ್ಕು ಹೆಜ್ಜೆ ಅಲಿಯ ಮನಸ್ಸಿನಲ್ಲಿ ಮುಳ್ಳಾಗಿ ಉಳಿದವು.

ಇನ್ನೊಂದು ಕಲ್ಯಾಣದ ಕೋಟೆಯ ಸಂಗತಿ. ಶರಣರು ನಡೆದಾಡಿದ ಕಲ್ಯಾಣವೇ ಅದು. ಬಿಜಾಪುರದ ಪರವಾಗಿ ದಂಡೆತ್ತಿ ಹೋದ ರಾಮರಾಯನು ಅಹಮದನಗರದ ಹುಸೇನ್ ನಿಜಾಮಶಾಹನನ್ನು ಮಣಿಸಿ, ಕೋಟೆಯನ್ನು ಬಿಟ್ಟುಕೊಡುವುದಲ್ಲದೆ ತನ್ನ ಬಿಡಾರಕ್ಕೇ ಬಂದು ತನ್ನ ಕೈಯಿಂದ ವೀಳ್ಯ ಪಡೆಯಬೇಕೆಂದು ವಿಧಿಸಿದನು. ಹುಸೇನನು ಬಂದನು. ಕೈ ಹಿಡಿದು ಬರಮಾಡಿಕೊಂಡ ಮೇಲೆ ನೀರು ತರಿಸಿ ಆ ಕೈಯನ್ನು ತೊಳೆದುಕೊಂಡನು. ರಾಮರಾಯನೂ ಸಿಟ್ಟಾಗಿ ತನ್ನ ಕೈಯನ್ನು ತೊಳೆದನು. ಕೋಟೆಯ ಬೀಗದ ಕೈ ಸಿಕ್ಕಿತು. ಸೋತವನಿಂದ ಕೋಟೆಯನ್ನು ತೆಗೆದುಕೊಳ್ಳಬಹುದು, ಮಾನವನ್ನೂ ಏಕೆ ತೆಗೆದುಕೊಳ್ಳಬೇಕು?

ಸೊಲ್ಲಾಪುರದ ಕೋಟೆಗಾಗಿ ಬಹುಕಾಲ ಬಡಿದಾಡಿದ್ದ ಬಿಜಾಪುರವೂ ಅಹಮದನಗರವೂ ಕೊನೆಗೆ ಬೀಗರಾದವು. ಹುಸೇನನ ಮಗಳು ಚಾಂದಬೀಬಿ ಅಲಿಯ ಮಡದಿಯಾದಳು, ಸೊಲ್ಲಾಪುರವೇ ಬಳುವಳಿಯಾಯಿತು. ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದರು. ಅನ್ನ ಉಂಡಿದ್ದ ಇಬ್ರಾಹಿಂ ಕುತುಬಶಾಹನೂ ಆ ಕಡೆ ಸೇರಿದನು. ಅವರನ್ನು ಒಂದುಗೂಡಿಸಿದ ಗಂಟು ರಾಮರಾಯನೇ.

1564ರ ಕೊನೆಗೆ ಅವರ ದಂಡು ತಾಳಿಕೋಟೆಯಲ್ಲಿ ಬೀಡುಬಿಟ್ಟಿತು. ನಡುವೆ ಕೃಷ್ಣಾ ನದಿ. ರಾಮರಾಯನು ತಮ್ಮಂದಿರಾದ ತಿರುಮಲ, ವೆಂಕಟಾದ್ರಿಯರನ್ನು ಮುಂದಾಗಿ ಕಳುಹಿಸಿ ಹೊಳೆ ದಾಟುವ ಕಡವನ್ನು ಭದ್ರಪಡಿಸಿದ್ದನು. ಸುಲ್ತಾನರು ಬೇರೆ ಕಡವನ್ನು ಹುಡುಕುವವರಂತೆ ದಂಡೆಗುಂಟ ಕೆಲವು ದಿನ ನಡೆದರು. ಈಚೆ ದಂಡೆಯವರು ಅವರ ಬೆನ್ನುಹಿಡಿದು ಹೊರಟರು, ಕಡವು ಬರಿದಾಯಿತು. ಸುಲ್ತಾನರು ತಟ್ಟನೆ ಹಿಂತಿರುಗಿ ಅಲ್ಲಿಯೇ ದಾಟಿಬಿಟ್ಟರು. ತಾನು ಎಲ್ಲಿ ನಿಲ್ಲಬೇಕೆಂಬುದನ್ನು ಎದುರಾಳಿಯ ನಡಿಗೆ ನೋಡಿ ಗೊತ್ತುಮಾಡುವವನಿಗೆ ಆಗುವುದು ಹೀಗೆಯೇ. ಪಕ್ಕದವನು ಬೋರ್‌ವೆಲ್ ಹಾಕಿಸಿದನೆಂದು ಹೊಲ ಅಡವಿಟ್ಟು ಬೋರ್‌ವೆಲ್ ಹಾಕಿಸುವವರಿಗೂ ಈ ಮಾತು ಸಲ್ಲುತ್ತದೆ.

1565ರ ಜನವರಿಯಲ್ಲಿ ಕಾಳಗವಾಯಿತು. ರಕ್ಕಸಗಿ-ತಂಗಡಗಿಯ ಯುದ್ಧವೆಂದೂ ಅದನ್ನು ಕರೆಯುತ್ತಾರೆ. ವಯೋವೃದ್ಧನಾದ ರಾಮರಾಯನು ಪಲ್ಲಕ್ಕಿಯಲ್ಲಿ ಕುಳಿತು ರಣಕ್ಕೆ ಬಂದಿದ್ದನು. ಕುದುರೆ ಏರುವುದು ಒಳ್ಳೆಯದೆಂದು ಜೊತೆಯವರು ಬಿನ್ನವಿಸಿದರೂ, ಈ ಹುಡುಗಾಟದ ಕಾಳಗಕ್ಕೆ ಅದೇಕೆಂಬ ಭಾವ ಅವನದಾಗಿತ್ತು. ಆನೆಯೊಂದು ಮೇಲೆ ನುಗ್ಗಿದಾಗ ಬೋವಿಗಳು ಪಲ್ಲಕ್ಕಿ ಬಿಟ್ಟು ಓಡಿದರು. ಸೆರೆಸಿಕ್ಕ ರಾಮರಾಯನ ತಲೆಯನ್ನು ಹುಸೇನನು ಕತ್ತರಿಸಿ ಈಟಿಗೆ ಏರಿಸಿದನು. ಅದನ್ನು ಕಂಡು ದಂಡೆಲ್ಲ ಚದುರಿತು. ಜೊತೆಯವರು ಬೇಡವೆಂದಾಗ ಒಂದು ಗಳಿಗೆ ನಿಂತು ಕೇಳಿದ್ದರೆ ಎಂದು ನಮಗೆ ಅನಿಸುತ್ತದೆ. ಹಿರಿತನ ಬಂದ ಮೇಲೆ ಬೇಡವೆನ್ನುವವರೇ ಕಡಿಮೆ. ಇರುವ ಒಬ್ಬಿಬ್ಬರನ್ನು ಹತ್ತಿರ ಕೂಡಿಸಿಕೊಳ್ಳಬೇಕು.

ತಿರುಮಲನು ರಾಜಧಾನಿಗೆ ಓಡಿಬಂದು, ಸಿಕ್ಕಷ್ಟು ಭಂಡಾರವನ್ನು ಆನೆಗಳ ಮೇಲೆ ಹೇರಿಸಿ, ಸದಾಶಿವರಾಯನನ್ನೂ ಕರೆದುಕೊಂಡು ಪೆನುಗೊಂಡೆಗೆ ನಡೆದನು. ಕೋಟೆಯ ಮೇಲೆ ಕೋಟೆ ಕಟ್ಟಿದ್ದ ನಗರಕ್ಕೆ ಕಾಯುವವರು ಇಲ್ಲದಂತಾಯಿತು. ತಿಂಗಳುಗಟ್ಟಲೆ ಸುಲಿಗೆ ನಡೆಯಿತು. ಹಂಪೆಗೆ ಹೋದವರು ಅದನ್ನು ಕಣ್ಣಾರೆ ಕಂಡಿದ್ದೀರಿ.

ಗೆದ್ದ ಹುಸೇನ್ ನಿಜಾಮಶಾಹನು ಅದೇ 1565ರಲ್ಲಿ ತೀರಿಕೊಂಡನು. ಬೀಗರಾದ ಎರಡು ಮನೆಗಳು ಕೆಲವೇ ವರ್ಷಗಳಲ್ಲಿ ಮತ್ತೆ ಕತ್ತಿ ಹಿರಿದವು.