ಟಿಪ್ಪು ಸುಲ್ತಾನ್ ಮತ್ತು ಕಿರುಗಾವಲಿನ ಮಾವಿನ ತೋಪು

ಟಿಪ್ಪುವಿನ ಹೆಸರೆತ್ತಿದರೆ ಕರಾವಳಿಯ ನಮಗೆ ಮೊದಲು ನೆನಪಾಗುವುದು 1784ರ ಸೆರೆ. ಆ ವರ್ಷ ವಿಭೂತಿ ಬುಧವಾರದಂದು ನಮ್ಮ ಹಿರಿಯರನ್ನು ಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ದಾರಿಯಲ್ಲೇ ಅನೇಕರು ಸತ್ತರು, ಇಗರ್ಜಿಗಳು ನೆಲಸಮವಾದವು. ಇದನ್ನು ನಾವು ಮರೆಯುವಂತಿಲ್ಲ. ಆದರೂ ಆತನ ಬದುಕಿನ ಇನ್ನೊಂದು ಮುಖವನ್ನೂ ಹೇಳಬೇಕು.

1751ರಲ್ಲಿ ದೇವನಹಳ್ಳಿಯಲ್ಲಿ ಹುಟ್ಟಿದ ಟಿಪ್ಪು, 1782ರಲ್ಲಿ ತಂದೆ ಹೈದರಾಲಿ ತೀರಿಕೊಂಡ ಮೇಲೆ ಪಟ್ಟಕ್ಕೆ ಬಂದನು. ಯುದ್ಧಗಳ ನಡುವೆಯೂ ಗಿಡಮರಗಳ ಹುಚ್ಚು ಬಿಡಲಿಲ್ಲ. ತಂದೆ ಆರಂಭಿಸಿದ ಲಾಲ್‌ಬಾಗನ್ನು ಬೆಳೆಸಿದನು, ರೇಷ್ಮೆ ಕೃಷಿಗೆ ಒತ್ತು ಕೊಟ್ಟನು. ಮಳವಳ್ಳಿ ತಾಲೂಕಿನ ಕಿರುಗಾವಲಿನಲ್ಲಿರುವ ‘ಬಡಾ ಬಾಗ್’ ಮಾವಿನ ತೋಪು ಆತನ ಕಾಲದ್ದೆಂದು ಅದನ್ನು ನೋಡಿಕೊಳ್ಳುವ ಮನೆತನದವರು ಹೇಳುತ್ತಾರೆ. ಅಲ್ಲಿ ನೂರರಷ್ಟು ತಳಿಗಳಿವೆ. ಒಂದಕ್ಕೆ ಮೋಸಂಬಿಯ ರುಚಿಯಂತೆ! ಇಷ್ಟೊಂದು ಬಗೆ ಬಂದದ್ದು ಹೇಗೆ? ನೊಣ, ಜೇನುಹುಳಗಳು ಒಂದು ಮರದ ಪರಾಗವನ್ನು ಇನ್ನೊಂದರ ಹೂವಿಗೆ ಒಯ್ಯುತ್ತವೆ. ಆ ಹಣ್ಣಿನ ಗೊರಟು ನೆಟ್ಟರೆ ಬರುವ ಮರ ಸಾಮಾನ್ಯವಾಗಿ ತಾಯಿಮರದಂತೆಯೇ ಇರುವುದಿಲ್ಲ. ಒಂದೇ ಜಾತಿಯ ಕಸಿಗಿಡಗಳ ತೋಟದಲ್ಲಿ ಈ ವೈವಿಧ್ಯ ಹುಟ್ಟುವುದಿಲ್ಲ.

1799ರ ಮೇ 4ರಂದು ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದನು. ಸೆರೆಯಲ್ಲಿ ಬದುಕುಳಿದಿದ್ದ ನಮ್ಮವರಲ್ಲಿ ಅನೇಕರು ಊರಿಗೆ ಮರಳಿದರು. ಇತ್ತ ಕಿರುಗಾವಲಿನಲ್ಲಿ ಆ ಮನೆತನದ ಸೈಯದ್ ಘನಿ ಖಾನ್ ಅವರು ಮಾವಿನ ಜೊತೆಗೆ ನೂರಾರು ಭತ್ತದ ತಳಿಗಳನ್ನೂ ಉಳಿಸಿಕೊಂಡಿದ್ದಾರೆ.